ಕೀಲಿ ಯಾರ ಹತ್ತಿರ ಇದೆ? ಬಳ್ಳಾರಿ ಜಿಲ್ಲಾ ದಂಡಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು, ಬಳ್ಳಾರಿ

ಪ್ರತಿ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಉಪ ನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಉಪ ನಿರ್ದೇಶಕರು, ಪದವಿ ಪೂರ್ವ ಶಿಕ್ಷಣ ಇಲಾಖೆ

ವಿಷಯ: ಮನೆಯಲ್ಲಿರುವ ಪರವಾನಗಿ ಬಂದೂಕು, ಅದರ ನೆರಳಲ್ಲಿ ಬೆಳೆಯುವ ಹುಡುಗ ಹುಡುಗಿಯರು ಮತ್ತು ತಮ್ಮ ಕಚೇರಿ ಈಗಿರುವ ಕಾನೂನಿನಲ್ಲೇ ಮಾಡಬಹುದಾದ ಕೆಲಸಗಳ ಕುರಿತು.

ಮಾನ್ಯರೇ,

ಬಂದೂಕಿನ ಪರವಾನಗಿಗೆ ಅರ್ಜಿ ಬಂದಾಗ ಕಡತದಲ್ಲಿ ಸೇರುವ ಕಾಗದಗಳು ತಮಗೆ ಗೊತ್ತಿರುವಂಥವೇ. ವಯಸ್ಸು, ವಿಳಾಸ, ಬಂದೂಕು ಯಾಕೆ ಬೇಕೆಂಬ ಕಾರಣ, ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಭದ್ರವಾಗಿ ಇಟ್ಟುಕೊಳ್ಳುತ್ತೇನೆಂಬ ಮುಚ್ಚಳಿಕೆ, ಕೊನೆಗೆ ಠಾಣೆಯ ವರದಿ. ಅಷ್ಟೂ ಕಾಗದ ತಿರುವಿ ಹಾಕಿದರೂ ಒಂದು ಸಂಗತಿ ಸಿಗುವುದಿಲ್ಲ. ಆ ಮನೆಯಲ್ಲಿ ಇನ್ನೂ ಯಾರ್ಯಾರು ಇದ್ದಾರೆ? ಹೆಂಡತಿ, ಹದಿನೇಳರ ಮಗ, ಪಿಯುಸಿ ಓದುವ ಮಗಳು, ಹೊಸದಾಗಿ ಬಂದ ಸೊಸೆ. ಪರವಾನಗಿ ಪುಸ್ತಕದಲ್ಲಿ ಫೋಟೋ ಒಬ್ಬರದು. ಬಂದೂಕಿನ ಜೊತೆ ಬಾಳುವೆ ಮಾಡುವವರು ಮನೆಮಂದಿಯೆಲ್ಲ.

ನಾವು ಈ ಜಿಲ್ಲೆಯಲ್ಲಿ ಬಂದೂಕು ರಿಪೇರಿ ಬಲ್ಲವರು, ಕುಟುಂಬ ಸಲಹೆ ಕೊಡುವವರು, ಕಾಲೇಜುಗಳಲ್ಲಿ ಪಾಠ ಹೇಳುವವರು ಕೂಡಿ ಬರೆದ ಪತ್ರ ಇದು. ಬಂದೂಕೇ ಬೇಡ ಎಂದು ವಾದಿಸಲು ಬರೆಯುತ್ತಿಲ್ಲ. ಸಂಡೂರಿನ ಗುಡ್ಡದಂಚಿಗೆ ಶೇಂಗಾ, ಮೆಕ್ಕೆಜೋಳ ಹಾಕಿದವರಿಗೆ ಹಂದಿ ಕಾಟ ಎಂಥದೆಂದು ಗೊತ್ತಿದೆ; ಬೆಳೆ ಕಾಯುವುದಕ್ಕೆಂದೇ ಬಾಯಿಂದ ಮದ್ದು ತುಂಬುವ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅವಕಾಶವಿದೆ. ನಾವು ಕೇಳುವುದು ಇಷ್ಟು: ಪರವಾನಗಿ ಕೊಡುವಾಗ, ನವೀಕರಿಸುವಾಗ, ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಮಾಡುವಾಗ ಇಡೀ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಂದೂಕು ಸಿಡಿಯದೆಯೂ ಕೆಲಸ ಮಾಡುತ್ತದೆ. ಅದು ಹೇಗೆಂದು ಹತ್ತಿರದಿಂದ ನೋಡಬೇಕು. ಪಡಸಾಲೆಯ ಗೋಡೆಗೆ ಎರಡು ಗೂಟ, ಗೂಟದ ಮೇಲೆ ಜೋಡಿ ನಳಿಗೆ ಬಂದೂಕು, ಅದರ ಮೇಲೆ ಗಂಧದ ಹಾರ ಹಾಕಿದ ಅಜ್ಜನ ಫೋಟೋ. ಮಗಳ ಮೊಬೈಲಿನಲ್ಲಿ ಯಾವನೋ ಹುಡುಗನ ಮೆಸೇಜು ಕಂಡ ಸಂಜೆ ಅಪ್ಪ ಒಂದು ಮಾತೂ ಆಡುವುದಿಲ್ಲ. ಬಂದೂಕು ಇಳಿಸಿಕೊಂಡು ಚಾಪೆಯ ಮೇಲೆ ಕೂತು, ನಳಿಗೆ ಬಿಚ್ಚಿ, ಎಣ್ಣೆ ಅರಿವೆಯಿಂದ ಒರೆಸತೊಡಗುತ್ತಾನೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ತಾಸು. ಅಡುಗೆಮನೆಯಲ್ಲಿ ತಾಯಿ, ಮಗಳು ಇಬ್ಬರಿಗೂ ಕೇಳುತ್ತದೆ: ಸರಳು ನಳಿಗೆಯೊಳಗೆ ಹೋಗಿ ಬರುವ ಸಪ್ಪಳ, ಕೊನೆಗೆ ನಳಿಗೆ ಮಡಚಿ ಕೂಡಿಸಿದಾಗ ಟಕ್ಕೆನ್ನುವ ಸದ್ದು. ಪಕ್ಕದಲ್ಲಿ ಎಣ್ಣೆ ಡಬ್ಬಿ ಹಿಡಿದುಕೊಂಡು ಮಗ ಕೂತಿರುತ್ತಾನೆ. ಮುಂದಿನ ವಾರ ಹುಡುಗಿ ಕಾಲೇಜು ಬಿಡುತ್ತಾಳೆ, ಇಲ್ಲವೇ ತೋರಿಸಿದ ಗಂಡಿಗೆ ಹೂಂ ಅನ್ನುತ್ತಾಳೆ. ಠಾಣೆಯಲ್ಲಿ ದೂರಿಲ್ಲ, ಯಾಕಂದರೆ ಏನೂ ನಡೆದೇ ಇಲ್ಲ. ಆದರೆ ಚಾಪೆಯ ಮೇಲೆ ಕೂತ ಆ ಹುಡುಗ ಒಂದು ಪಾಠ ಕಲಿತಾಯಿತು, ಒಳಗಿದ್ದ ಹುಡುಗಿ ಇನ್ನೊಂದು ಪಾಠ ಕಲಿತಳು.

ಸಲಹಾ ಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳು ಹೊಡೆತದ ಬಗ್ಗೆ ತಾವಾಗಿ ಹೇಳುತ್ತಾರೆ, ಕುಡಿತದ ಬಗ್ಗೆ ಹೇಳುತ್ತಾರೆ, ಅತ್ತೆಯ ಮಾತಿನ ಬಗ್ಗೆ ಹೇಳುತ್ತಾರೆ. ಬಂದೂಕಿನ ಬಗ್ಗೆ ಕೇಳಿದರೆ ಮಾತ್ರ ಹೇಳುತ್ತಾರೆ. "ಅದು ಯಾವಾಗ್ಲೂ ಇರೋದೇ ಅಲ್ರೀ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅಮೆರಿಕದ ಸಂಶೋಧಕರ ಲೆಕ್ಕದಲ್ಲಿ ಗಂಡನಿಂದಲೋ ಜೊತೆಗಾರನಿಂದಲೋ ಬಂದೂಕು ತೋರಿಸಿ ಬೆದರಿಸಿಕೊಂಡ ಹೆಂಗಸರು ಆ ಒಂದು ದೇಶದಲ್ಲೇ ಸುಮಾರು 45 ಲಕ್ಷ. ಗುಂಡು ತಾಗಿದವರು ಅಥವಾ ಗುಂಡಿಗೆ ಗುರಿಯಾದವರು ಸುಮಾರು 10 ಲಕ್ಷ. ಸಿಡಿಸಿದವರಿಗಿಂತ ತೋರಿಸಿ ಸುಮ್ಮನಾದವರೇ ಹೆಚ್ಚು. 2003ರಲ್ಲಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅಲ್ಲಿನ 11 ನಗರಗಳಲ್ಲಿ ಗಂಡ ಅಥವಾ ಜೊತೆಗಾರನಿಂದ ಹತರಾದ ಹೆಂಗಸರ ಪ್ರಕರಣಗಳನ್ನು ತೂಗಿ ನೋಡಿದಾಗ, ಕಿರುಕುಳ ಕೊಡುವ ಗಂಡಸಿನ ಕೈಗೆ ಬಂದೂಕು ಸಿಗುವಂತಿದ್ದರೆ ಕೊಲೆಯ ಅಪಾಯ 5 ಪಟ್ಟಿಗಿಂತ ಹೆಚ್ಚಾಗಿತ್ತು. ಎಲ್ಲದರ ಮೇಲೂ ಹತೋಟಿ ಬಯಸುವ ಗಂಡನಿಂದ ದೂರವಾದ ಹೊತ್ತಿನಲ್ಲಿ ಆ ಅಪಾಯ ಸುಮಾರು 9 ಪಟ್ಟು.

ಅಮೆರಿಕದ ಅಂಕಿಯನ್ನು ಬಳ್ಳಾರಿಗೆ ಹಾಗೆಹಾಗೇ ತಂದು ಕೂರಿಸುವುದು ಸರಿಯಲ್ಲ. ಅಲ್ಲಿ ನೂರು ಜನಕ್ಕೆ 120 ಬಂದೂಕು ಎಂಬ ಅಂದಾಜಿದೆ. ನಮ್ಮಲ್ಲಿ ಕಳ್ಳ ಬಂದೂಕು ಸೇರಿಸಿದರೂ ನೂರಕ್ಕೆ 5 ಚಿಲ್ಲರೆ. 2016ರ ಕೊನೆಗೆ ದೇಶದಲ್ಲಿದ್ದ ಪರವಾನಗಿಗಳು 33.69 ಲಕ್ಷ, ಅದರಲ್ಲಿ ಉತ್ತರ ಪ್ರದೇಶದ್ದೇ 12.77 ಲಕ್ಷ. ಕೊಡಗಿನಲ್ಲಿರುವಂಥ ಪರವಾನಗಿ ವಿನಾಯಿತಿ ನಮ್ಮ ಕಡೆ ಇಲ್ಲ. ಹಾಗಾಗಿ ಇಲ್ಲಿ ಪರವಾನಗಿ ಬಂದೂಕಿರುವ ಪ್ರತಿ ಮನೆಯೂ ತಮ್ಮ ಕಚೇರಿಯ ರಿಜಿಸ್ಟರಿನಲ್ಲಿದೆ. ಪ್ರತಿ ಪರವಾನಗಿಗೂ ದೇಶವ್ಯಾಪಿ ಗುರುತಿನ ಸಂಖ್ಯೆ ಇದೆ. ಸಂಖ್ಯೆ ಕಡಿಮೆ ಇದೆ ಎಂದರೆ ಒಂದೊಂದು ಮನೆಗೂ ಹೋಗಿ ಬರುವುದು ಸಾಧ್ಯ ಎಂದರ್ಥ.

ಬಂದೂಕು ಕಡಿಮೆ ಇದ್ದರೂ ಅದು ಬಂದು ಕೂರುವ ನೆಲ ಎಂಥದು ಎಂಬುದು ನಮ್ಮ ಚಿಂತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ ಮದುವೆಯಾದ ಹೆಣ್ಣುಮಕ್ಕಳು ಕರ್ನಾಟಕದಲ್ಲಿ ಶೇ 44.4. ಅದರ ಹಿಂದಿನ ಸುತ್ತಿನಲ್ಲಿ ಶೇ 20.6 ಇತ್ತು. ಅದೇ ಸಮೀಕ್ಷೆ ಏಳು ಕಾರಣಗಳನ್ನು ಮುಂದಿಟ್ಟು ಕೇಳುತ್ತದೆ: ಹೇಳದೆ ಹೊರಗೆ ಹೋದರೆ, ಎದುರು ವಾದಿಸಿದರೆ, ಅಡುಗೆ ಸರಿ ಮಾಡದಿದ್ದರೆ, ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಅತ್ತೆ ಮಾವನಿಗೆ ಗೌರವ ಕೊಡದಿದ್ದರೆ, ಹಾಸಿಗೆಗೆ ಬರಲ್ಲವೆಂದರೆ, ನಡತೆಯ ಮೇಲೆ ಅನುಮಾನ ಬಂದರೆ ಗಂಡ ಹೊಡೆಯುವುದು ಸರಿಯೇ? ಒಂದು ಕಾರಣಕ್ಕಾದರೂ ಸರಿ ಎಂದ ಗಂಡಸರು ನಮ್ಮ ರಾಜ್ಯದಲ್ಲಿ ಶೇ 81.9. ಹೆಂಗಸರು ಶೇ 76.9. ಉತ್ತರ ಕೊಟ್ಟವರಲ್ಲಿ ಹದಿನೈದು, ಹದಿನಾರರ ಮಕ್ಕಳೂ ಇದ್ದಾರೆ. ಗೂಟದ ಮೇಲಿನ ಬಂದೂಕು ಈ ನಂಬಿಕೆಯನ್ನು ಹೊಸದಾಗಿ ಹುಟ್ಟಿಸುತ್ತಿಲ್ಲ. ಇದ್ದ ನಂಬಿಕೆಗೆ ಹಲ್ಲು ಕೊಡುತ್ತದೆ.

ಹುಡುಗರ ಮಾತಿಗೆ ಬರೋಣ. ಗಣಿಯ ದುಡ್ಡು ಹರಿದ ಕಾಲದಲ್ಲಿ ಈ ಊರು ಒಂದು ನೋಟ ಕಂಡಿತು: ಮುಂದೆ ಬಿಳಿ ಅಂಗಿಯ ಸಾಹುಕಾರ, ಹಿಂದೆ ಭುಜಕ್ಕೆ ಬಂದೂಕು ಹಾಕಿದ ಗನ್‌ಮ್ಯಾನ್. ಅದಿರಿನ ಧೂಳು ಇಳಿದರೂ ಆ ನೋಟ ಹುಡುಗರ ಕಣ್ಣಿನಿಂದ ಇಳಿದಿಲ್ಲ. ಇವತ್ತು ಅದು ರೀಲ್ಸ್ ಆಗಿ, ವಾಟ್ಸ್ಆ್ಯಪ್ ಸ್ಟೇಟಸ್ ಆಗಿ ಓಡಾಡುತ್ತಿದೆ. ಸೊಂಟದಲ್ಲಿ ಅಪ್ಪನ ರಿವಾಲ್ವರು, ಹಿಂದೆ ಡೈಲಾಗು, ಕೆಳಗೆ "ನಮ್ಮ ಹುಡುಗಿ ಮೇಲೆ ಕಣ್ಣು ಹಾಕಿದ್ರೆ" ಎಂಬ ಸಾಲು. ಆ ಸಾಲನ್ನು ನಿಧಾನವಾಗಿ ಓದಬೇಕು. ಅದರಲ್ಲಿ ಹುಡುಗಿಯ ಮಾತೇ ಇಲ್ಲ. ಅವಳು ಹೊಲ, ಇವನು ಕಾವಲು.

ಇದನ್ನು ದ್ವೇಷ ಎಂದು ತಿಳಿದರೆ ತಪ್ಪಾಗುತ್ತದೆ. ಬಹುಪಾಲು ಹುಡುಗರು ಇದನ್ನು ಪ್ರೀತಿ ಎಂದೇ ನಂಬಿದ್ದಾರೆ, ಕಾಪಾಡುವುದು ಎಂದು ನಂಬಿದ್ದಾರೆ. 1996ರಲ್ಲಿ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕೆ ಎಂಬ ಮನೋವಿಜ್ಞಾನಿಗಳು ಇದಕ್ಕೊಂದು ಚೌಕಟ್ಟು ಕೊಟ್ಟರು. ಹೆಣ್ಣನ್ನು ಕೀಳಾಗಿ ಕಾಣುವ ಭಾವ ಒಂದು, ಹೆಣ್ಣನ್ನು ಹೂವಿನಂತೆ ಎತ್ತಿ ಇಟ್ಟು ಕಾಯುವ ಭಾವ ಇನ್ನೊಂದು. ಎರಡೂ ಬೇರೆ ಮನುಷ್ಯರಲ್ಲಿ ಇರುವುದಿಲ್ಲ, ಒಬ್ಬನಲ್ಲೇ ಜೊತೆಜೊತೆಗೆ ಇರುತ್ತವೆ. ಹೇಳಿದಂತೆ ಕೇಳುವ ತನಕ ಹೂವು, ಕೇಳದಿದ್ದ ದಿನ ಇನ್ನೊಂದು ಮುಖ. ಬಂದೂಕು ಎರಡಕ್ಕೂ ಒಗ್ಗುವ ವಸ್ತು. ಹೊರಗಿನವರಿಗೆ ತೋರಿಸಿದಾಗ ರಕ್ಷಣೆ, ಒಳಗಿನವರಿಗೆ ತೋರಿಸಿದಾಗ ಬೆದರಿಕೆ, ಮತ್ತು ತೋರಿಸುವ ಕೈ ಒಂದೇ.

ಹೆಂಗಸರಿಗೇ ಬಂದೂಕು ಕೊಟ್ಟರಾಯಿತು ಎನ್ನುವವರೂ ಇದ್ದಾರೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ .32 ರಿವಾಲ್ವರನ್ನು ಹೆಣ್ಣುಮಕ್ಕಳಿಗೆಂದೇ ತಂದಿತು. ಅರ್ಧ ಕಿಲೋ ತೂಕ, ಬೆಲೆ 1.22 ಲಕ್ಷ ರೂಪಾಯಿ. ಜೀನ್ಸ್ ಹೊಲಿಯುವ ಹೆಣ್ಣುಮಗಳ ಕೈಗೆ ಎಟುಕುವ ಬೆಲೆಯಲ್ಲ ಎಂಬುದು ಒಂದು ಮಾತು. ಹೊಡೆಯುವವನು ಒಂದೇ ಸೂರಿನಡಿ ಮಲಗುವವನಾಗಿದ್ದರೆ ಆ ರಿವಾಲ್ವರ್ ಇಬ್ಬರ ಕೈಗೂ ಎಟುಕುತ್ತದೆ ಎಂಬುದು ಅದಕ್ಕಿಂತ ದೊಡ್ಡ ಮಾತು.

ಈಗ ತಮ್ಮ ಕಚೇರಿ ಏನು ಮಾಡಬಹುದು ಎಂಬುದಕ್ಕೆ ಬರುತ್ತೇವೆ. ಹೊಸ ಕಾನೂನು ಬೇಕಿಲ್ಲ. ಅಮೆರಿಕದಲ್ಲಿರುವಂತೆ ಬಂದೂಕು ಹೊಂದುವುದು ನಮ್ಮಲ್ಲಿ ಸಂವಿಧಾನ ಕೊಟ್ಟ ಹಕ್ಕಲ್ಲ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಶಸ್ತ್ರಾಸ್ತ್ರ ಕಾಯ್ದೆಯ 14ನೇ ಕಲಮಿನಲ್ಲಿ, ಅರ್ಜಿದಾರ ಯಾವುದೇ ಕಾರಣಕ್ಕೆ ಅನರ್ಹ ಎನಿಸಿದರೆ, ಅಥವಾ ಸಾರ್ವಜನಿಕ ಶಾಂತಿ ಸುರಕ್ಷತೆಗೆ ಅಗತ್ಯವೆನಿಸಿದರೆ ಪರವಾನಗಿ ನಿರಾಕರಿಸಬಹುದು. 17ನೇ ಕಲಮಿನಲ್ಲಿ ಕೊಟ್ಟದ್ದನ್ನು ಅಮಾನತಿನಲ್ಲಿಡಬಹುದು, ರದ್ದು ಮಾಡಬಹುದು. ಶಾಂತಿ ಕಾಪಾಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಲು ಆದೇಶವಾದವನು ಆ ಅವಧಿ ಮುಗಿಯುವ ತನಕ ಬಂದೂಕು ಇಟ್ಟುಕೊಳ್ಳುವಂತೆಯೇ ಇಲ್ಲ ಎನ್ನುತ್ತದೆ 9ನೇ ಕಲಮು. 21 ತುಂಬದವರ ಕೈಗೆ ಬಂದೂಕು ಹೋಗಬಾರದು ಎಂದಿರುವುದೂ ಅಲ್ಲೇ. ಹತ್ತೊಂಬತ್ತರ ಹುಡುಗನ ಸೊಂಟದಲ್ಲಿ ಅಪ್ಪನ ರಿವಾಲ್ವರು ಕಂಡ ರೀಲ್ಸ್ ಅಪ್ಪನ ಪರವಾನಗಿಯನ್ನು ಪ್ರಶ್ನಿಸಲು ಸಾಕಾದ ಕಾರಣ. 'ಮನೆಯ ಬಂದೂಕು' ಎಂಬುದು ನಮ್ಮ ಬಾಯಿ ಮಾತು, ಕಾಯ್ದೆ ಗುರುತಿಸುವುದು ಪುಸ್ತಕದಲ್ಲಿ ಹೆಸರಿದ್ದವರನ್ನು.

ಮೊದಲ ಕೇಳಿಕೆ, ಮನೆ ಭೇಟಿ. ಇವತ್ತು ಠಾಣೆಯ ಸಿಬ್ಬಂದಿ ಹೋದರೆ ಅರ್ಜಿದಾರನ ಜೊತೆ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಅಕ್ಕಪಕ್ಕದ ಇಬ್ಬರ ಹೇಳಿಕೆ ಬರೆದುಕೊಂಡು ಬರುವುದೇ ರೂಢಿ. ಮನೆಯ ಹೆಂಗಸರ ಮಾತು ಕೇಳಿದರೂ ಬಾಗಿಲ ಮರೆಯಿಂದ, ಗಂಡನ ಎದುರಿಗೆ. ಉತ್ತರ ಏನು ಬರುತ್ತದೆಂದು ಹೇಳಬೇಕಿಲ್ಲ. ನಮ್ಮ ಸಲಹೆ: ಇಬ್ಬರು ಹೋಗಲಿ, ಒಬ್ಬರು ಮಹಿಳಾ ಸಿಬ್ಬಂದಿ ಇರಲಿ. ಒಬ್ಬರು ಬಂದೂಕು, ಬೀರು, ಪುಸ್ತಕ ನೋಡುತ್ತಿರುವಾಗ ಇನ್ನೊಬ್ಬರು ಒಳಗೆ ಹೋಗಿ ಹದಿನೆಂಟು ತುಂಬಿದ ಪ್ರತಿ ಹೆಣ್ಣುಮಗಳ ಜೊತೆ ಬೇರೆಬೇರೆಯಾಗಿ ಹತ್ತು ನಿಮಿಷ ಮಾತಾಡಲಿ. ಅತ್ತೆಯ ಎದುರು ಸೊಸೆಯನ್ನು ಕೇಳಬಾರದು. "ನಿಮಗೆ ಒಪ್ಪಿಗೆಯೇ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಸಿಟ್ಟು ಬಂದಾಗ ಅದನ್ನ ಕೈಗೆ ತಗೊಂಡಿದ್ದುಂಟಾ? ಕೀಲಿ ಎಲ್ಲಿರ್ತೈತೆ? ತೋಟಾ, ಅಂದ್ರೆ ಗುಂಡು, ಎಲ್ಲಿರ್ತಾವೆ?" ಎಂದು ಕೇಳಿದರೆ ಮಾತು ಹೊರಬೀಳುತ್ತದೆ.

ಇಲ್ಲಿ ಕೆಡುವುದು ಎಲ್ಲಿ ಎಂದರೆ, 'ಹೆಂಡತಿ ಬೇಡವೆಂದಳು' ಎಂದು ಕಡತದಲ್ಲಿ ಬರೆದರೆ ಆ ಕಡತವೇ ಅವಳಿಗೆ ಮುಳುವಾಗುತ್ತದೆ. ಕಾಯ್ದೆ ಇದಕ್ಕೂ ದಾರಿ ಬಿಟ್ಟಿದೆ. ನಿರಾಕರಣೆಗೆ ಕಾರಣವನ್ನು ಬರೆದಿಡಲೇಬೇಕು, ಕೇಳಿದರೆ ಅರ್ಜಿದಾರನಿಗೆ ಚುಟುಕಾಗಿ ತಿಳಿಸಲೂ ಬೇಕು. ಆದರೆ ತಿಳಿಸುವುದು ಸಾರ್ವಜನಿಕ ಹಿತಕ್ಕೆ ಸರಿಯಲ್ಲವೆಂದು ತಮಗೆ ಅನಿಸಿದರೆ ತಿಳಿಸಬೇಕಿಲ್ಲ ಎಂದು 14ನೇ ಕಲಮಿನ ಮೂರನೇ ಉಪಕಲಮಿನಲ್ಲೇ ಇದೆ. ಅಮಾನತು, ರದ್ದತಿಗೂ 17ನೇ ಕಲಮಿನಲ್ಲಿ ಇದೇ ಮಾತಿದೆ. ಈ ಒಂದು ಸಾಲನ್ನು ಹೆಣ್ಣುಮಕ್ಕಳ ಸುರಕ್ಷತೆಗಾಗಿ ಬಳಸಿ ಎಂಬುದು ನಮ್ಮ ಕಳಕಳಿಯ ವಿನಂತಿ.

ಎರಡನೆಯದು, ಎರಡು ಇಲಾಖೆಗಳ ನಡುವಿನ ಗೋಡೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಾಗಿ ಕೆಲಸ ಮಾಡುವವರು ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ಹೆಣ್ಣುಮಗಳು ಅವರಲ್ಲಿ ಹೇಳಿದ್ದು ವರದಿಯಾಗಿ ನ್ಯಾಯಾಲಯಕ್ಕೆ ಹೋಗುತ್ತದೆ. ಅದೇ ಗಂಡನ ಪರವಾನಗಿ ತಮ್ಮ ಕಚೇರಿಯಲ್ಲಿ ನವೀಕರಣವಾಗುತ್ತದೆ. ಒಂದು ಕಡತಕ್ಕೆ ಇನ್ನೊಂದು ಕಡತ ಗೊತ್ತೇ ಇರುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಪರವಾನಗಿ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಅಂದರೆ ಐದು ವರ್ಷ ಯಾರೂ ತಿರುಗಿ ನೋಡದ ಸ್ಥಿತಿ. ಹಿಂಸೆಯ ದೂರು ಬಂದ ದಿನವೇ ಆ ಮನೆಯಲ್ಲಿ ಪರವಾನಗಿ ಇದೆಯೇ ಎಂದು ತಮ್ಮ ಕಚೇರಿಯ ಶಸ್ತ್ರ ಶಾಖೆಯಿಂದ ತಿಳಿದುಕೊಳ್ಳುವ ವ್ಯವಸ್ಥೆ ಆಗಬೇಕು. ದೂರು ಬರೆದುಕೊಳ್ಳುವವರು ಮೂರು ಪ್ರಶ್ನೆ ತಪ್ಪದೆ ಕೇಳಬೇಕು: ಮನೆಯಲ್ಲಿ ಬಂದೂಕು ಇದೆಯೇ, ಎಲ್ಲಿದೆ, ಕೀಲಿ ಯಾರ ಹತ್ತಿರ ಇದೆ. ಹಿಂಸೆಯಲ್ಲಿ ಬಳಕೆಯಾದ ಆಯುಧವನ್ನು ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳುವ ಕೆಲಸ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 2006ರ ನಿಯಮಗಳ 10ನೇ ನಿಯಮದಲ್ಲಿ ಸಂರಕ್ಷಣಾಧಿಕಾರಿಯ ಕರ್ತವ್ಯವಾಗಿಯೇ ಇದೆ. ನ್ಯಾಯಾಧೀಶರು ಲಿಖಿತವಾಗಿ ನಿರ್ದೇಶಿಸಬೇಕು. ನಿರ್ದೇಶಿಸಬೇಕಾದರೆ ಬಂದೂಕಿನ ಸುದ್ದಿ ವರದಿಯಲ್ಲಿ ಇರಬೇಕು.

ಬಂದೂಕು ಕೆಲ ತಿಂಗಳು ಮನೆಯಿಂದ ಹೊರಗಿಡುವುದು ಆಗದ ಮಾತು ಎಂದು ಯಾರೂ ಹೇಳಲಾರರು. ಚುನಾವಣೆ ಘೋಷಣೆಯಾದಾಗಲೆಲ್ಲ ತಮ್ಮ ಕಚೇರಿಯಿಂದ ಆದೇಶ ಹೊರಡುತ್ತದೆ, ಬಂದೂಕುಗಳು ಠಾಣೆಗೆ ಬಂದು ಚೀಟಿ ಕಟ್ಟಿಸಿಕೊಂಡು ಸಾಲಾಗಿ ನಿಲ್ಲುತ್ತವೆ, ಫಲಿತಾಂಶ ಬಂದ ಮೇಲೆ ರಸೀದಿ ತೋರಿಸಿ ಒಯ್ಯುತ್ತಾರೆ. ಸಂಡೂರಿನ ಜನ 2024ರಲ್ಲಿ ಲೋಕಸಭೆಗೆ ಒಮ್ಮೆ, ನವೆಂಬರಿನ ಉಪಚುನಾವಣೆಗೆ ಮತ್ತೊಮ್ಮೆ ಮತ ಹಾಕಿದರು. ಮತಪೆಟ್ಟಿಗೆಯ ಶಾಂತಿಗಾಗಿ ಮಾಡುವುದನ್ನು ಒಂದು ಮನೆಯ ಶಾಂತಿಗಾಗಿಯೂ ಮಾಡಬಹುದು. ಹೆಣ್ಣುಮಗಳು ತವರಿಗೆ ಹೊರಟ ದಿನದಿಂದ ಪ್ರಕರಣ ಒಂದು ಹಂತಕ್ಕೆ ಬರುವ ತನಕದ ಅವಧಿ ಎಲ್ಲಕ್ಕಿಂತ ಅಪಾಯದ್ದು. ಆಗ ಬಂದೂಕು ಠಾಣೆಯಲ್ಲಿರಲಿ.

ಮೂರನೆಯದು ಇಡುವ ಬಗೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ, ಯಾಕಂದರೆ ಮುಚ್ಚಳಿಕೆಯಲ್ಲಿ 'ಭದ್ರವಾಗಿ' ಎಂಬ ಒಂದು ಪದದಲ್ಲಿ ಎಲ್ಲ ಮುಗಿದುಹೋಗುತ್ತದೆ.

ಬಂದೂಕು ಖಾಲಿ ಇದೆ ಎಂದು ಹೇಳುವವರಲ್ಲಿ ಖಾಲಿ ಮಾಡುವುದು ಹೇಗೆಂದು ಸರಿಯಾಗಿ ಬಲ್ಲವರು ಕಡಿಮೆ. ಜೋಡಿ ನಳಿಗೆ ಸುಲಭ: ಬಾಯಿಯನ್ನು ಯಾರೂ ಇಲ್ಲದ ಕಡೆ ಮಾಡಿ, ಮೇಲಿನ ಸನ್ನೆ ಒತ್ತಿ ನಳಿಗೆ ಮಡಚಿ, ಎರಡೂ ತೋಟಾ ತೆಗೆದು, ಬೆಳಕಿಗೆ ಹಿಡಿದು ಎರಡೂ ನಳಿಗೆಯಲ್ಲಿ ಆಚೆ ಕಾಣುತ್ತದೆಯೇ ನೋಡಬೇಕು. ಸೇಫ್ಟಿ ಹಾಕಿದ್ದೇನೆ ಎಂಬುದು ಉತ್ತರವಲ್ಲ. ಅನೇಕ ಜೋಡಿ ನಳಿಗೆಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗಿನ ಹಿಡಿತ ಸವೆದಿದ್ದರೆ ಬಂದೂಕು ಕೆಳಗೆ ಬಿದ್ದ ಪೆಟ್ಟಿಗೇ ಸಿಡಿಯಬಹುದು. ಪಿಸ್ತೂಲಿನಲ್ಲಿ ಜನ ತಪ್ಪುವುದು ಒಂದೇ ಕಡೆ. ಮ್ಯಾಗಜಿನ್, ಅಂದರೆ ಗುಂಡು ತುಂಬಿದ ಡಬ್ಬಿ, ತೆಗೆದು ಖಾಲಿಯಾಯಿತು ಎಂದುಕೊಳ್ಳುತ್ತಾರೆ, ನಳಿಗೆಯ ಹಿಂಬದಿಯ ಚೇಂಬರಿನಲ್ಲಿ ಒಂದು ಗುಂಡು ಕೂತೇ ಇರುತ್ತದೆ. ಮೊದಲು ಮ್ಯಾಗಜಿನ್, ಆಮೇಲೆ ಮೇಲಿನ ಜಾರುವ ಭಾಗವಾದ ಸ್ಲೈಡ್ ಎಳೆದು ಗುಂಡು ಹೊರಹಾಕಿ, ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಕ್ರಮ ಹಿಂದುಮುಂದಾದರೆ, ಅಂದರೆ ಸ್ಲೈಡ್ ಎಳೆದು ಆಮೇಲೆ ಮ್ಯಾಗಜಿನ್ ತೆಗೆದರೆ, ಮ್ಯಾಗಜಿನ್ನಿನ ಮೇಲಿನ ಗುಂಡು ಮತ್ತೆ ಚೇಂಬರಿಗೆ ಹೋಗಿ ಕೂರುತ್ತದೆ. ಬಾಯಿಂದ ಮದ್ದು ತುಂಬುವ ನಾಡ ಬಂದೂಕು ಇನ್ನೂ ಮೋಸದ್ದು, ತುಂಬಿದ್ದು ಹೊರಗಿನಿಂದ ಕಾಣುವುದೇ ಇಲ್ಲ. ಕಿಡಿ ಹೊತ್ತಿಸುವ ಕೇಪು ತೆಗೆದರೆ ಸಾಲದು, ಮದ್ದು ಒಳಗೇ ಇರುತ್ತದೆ. ಪೂರ್ತಿ ಖಾಲಿ ಇದ್ದಾಗ ಮದ್ದು ಜಡಿಯುವ ಸರಳನ್ನು ತಳ ಮುಟ್ಟುವಂತೆ ಇಳಿಬಿಟ್ಟು, ನಳಿಗೆಯ ಬಾಯಿ ಮಟ್ಟಕ್ಕೆ ಅರದಿಂದ ಒಂದು ಗೀರು ಹಾಕಿಟ್ಟುಕೊಳ್ಳಬೇಕು. ಮುಂದೆ ಯಾವತ್ತಾದರೂ ಆ ಗೀರು ಬಾಯಿಗಿಂತ ಮೇಲೆ ನಿಂತರೆ ಒಳಗೆ ಮದ್ದಿದೆ ಎಂದೇ ತಿಳಿಯಬೇಕು.

ಖಾಲಿ ಮಾಡಿದ ಜೋಡಿ ನಳಿಗೆಯನ್ನು ಮೂರು ತುಂಡು ಮಾಡಿ ಇಡಬಹುದು: ನಳಿಗೆ, ಅದರ ಕೆಳಗಿನ ಕಟ್ಟಿಗೆ, ಹಿಡಿ. ನಳಿಗೆ ಒಂದು ಕಡೆ, ಹಿಡಿ ಇನ್ನೊಂದು ಕಡೆ, ತೋಟಾ ಮೂರನೇ ಕಡೆ ಬೇರೆ ಬೀಗದಲ್ಲಿ. ಕೂಡಿಸುವುದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಕುಡಿದವನ ಸಿಟ್ಟಿಗೂ ಹದಿಹರೆಯದವನ ಹತಾಶೆಗೂ ಆ ಮೂರು ನಿಮಿಷ ಅಡ್ಡ ಬರುತ್ತದೆ. ಹೊಲಕ್ಕೆ ಹೊಡೆಯುವ ಔಷಧವನ್ನು ಬೀಗದ ಪೆಟ್ಟಿಗೆಯಲ್ಲಿಡಿ ಎಂದು ನಾವೆಲ್ಲ ಹೇಳುವುದು ಇದೇ ಕಾರಣಕ್ಕೆ. ಮನೆಯಲ್ಲಿ ಯಾರಾದರೂ ಮಂಕಾಗಿ, ಬದುಕು ಸಾಕೆಂಬಂತೆ ಮಾತಾಡುತ್ತಿದ್ದರೆ ಬಂದೂಕನ್ನು ಅವತ್ತೇ ಮನೆಯಿಂದ ಹೊರಗೆ, ಠಾಣೆಗೆ ಸಾಗಿಸಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ.

ಬಟ್ಟೆಬರೆ ಇಡುವ ಬೀರು ಬಂದೂಕಿಗೆ ತಕ್ಕ ಜಾಗವಲ್ಲ. ಅದರ ಕೀಲಿ ದಿಂಬಿನ ಕೆಳಗೆ, ದೇವರ ಗೂಡಿನಲ್ಲಿ, ಮೊಳೆಯ ಮೇಲೆ ಇರುತ್ತದೆ, ಮಕ್ಕಳಿಗೆಲ್ಲ ಗೊತ್ತಿರುತ್ತದೆ. ದಪ್ಪ ತಗಡಿನ ಬೇರೆ ಪೆಟ್ಟಿಗೆ ಬೇಕು, ಅದನ್ನು ಒಳಗಿನಿಂದ ನಾಲ್ಕು ಆ್ಯಂಕರ್ ಬೋಲ್ಟ್ ಹಾಕಿ ಗೋಡೆಗೆ ಬಿಗಿಯಬೇಕು. ನಮ್ಮ ಕಡೆಯ ಸೈಜುಗಲ್ಲಿನ ಗೋಡೆಯಲ್ಲಿ ಬೋಲ್ಟು ಗಟ್ಟಿಯಾಗಿ ಕೂರುತ್ತದೆ. ಹೊಸ ಮನೆಗಳ ಹಾಲೋ ಬ್ಲಾಕ್ ಗೋಡೆಯಲ್ಲಿ ನಿಲ್ಲುವುದಿಲ್ಲ, ಜಗ್ಗಿದರೆ ಬ್ಲಾಕಿನ ಸಮೇತ ಕಿತ್ತು ಬರುತ್ತದೆ. ಅಂಥಲ್ಲಿ ಕಾಂಕ್ರೀಟ್ ಕಂಬಕ್ಕೋ ನೆಲಕ್ಕೋ ಬಿಗಿಯಬೇಕು. ತೋಟಾ ತಗಡಿನ ಚಾವಣಿಯ ಕೆಳಗೆ, ಒಲೆಯ ಹತ್ತಿರ ಬೇಡ, ನಮ್ಮ ಬೇಸಿಗೆ ಎಂಥದೆಂದು ಎಲ್ಲರಿಗೂ ಗೊತ್ತು. ಒಂದು ಸಣ್ಣ ಪುಸ್ತಕದಲ್ಲಿ ತಾರೀಖು, ಕೊಂಡದ್ದು, ಬಳಸಿದ್ದು, ಉಳಿದದ್ದು ಬರೆದಿಡಲಿ. ಭೇಟಿಗೆ ಹೋದವರು ಉಳಿದದ್ದನ್ನು ಎಣಿಸಿದರೆ ಸಾಕು, ಲೆಕ್ಕ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಆಯುಧ ಪೂಜೆಯ ಮಾತು. ಪೂಜೆ ಮಾಡಬೇಡಿ ಎನ್ನುವುದಿಲ್ಲ. ದಸರಾ ಕಳೆದ ಮೇಲೆ ರಿಪೇರಿಗೆ ಬರುವ ಬಂದೂಕಿನ ಟ್ರಿಗರ್ ಸಂದಿಯಲ್ಲಿ ಎಣ್ಣೆ ಕುಂಕುಮ ಸೇರಿ ಗಟ್ಟಿಯಾಗಿರುತ್ತದೆ, ಟ್ರಿಗರು ಪೂರ್ತಿ ತನ್ನ ಜಾಗಕ್ಕೆ ಮರಳಿ ಕೂರುವುದಿಲ್ಲ, ಅಂಥ ಬಂದೂಕು ಮುಟ್ಟಿದರೆ ಸಿಡಿಯುವಷ್ಟು ಅಪಾಯದ್ದು. ಖಾಲಿ ಮಾಡಿ, ನಳಿಗೆ ಮಡಚಿಟ್ಟು, ಕಟ್ಟಿಗೆಯ ಹಿಡಿಗೆ ಮಾತ್ರ ಕುಂಕುಮ ಹಚ್ಚಲಿ. ಅವತ್ತಿನ ಫೋಟೋಗಳನ್ನು ನೋಡಿ: ಬಂದೂಕು ಹಿಡಿದು ನಿಲ್ಲುವವನು ಮಗ. ಮಗಳು ರಂಗೋಲಿ ಹಾಕಿ ಬದಿಗೆ ಸರಿದಿರುತ್ತಾಳೆ. ಪರವಾನಗಿದಾರರಿಗೆ 70 ವರ್ಷವಾದಾಗ, ಅಥವಾ ಬಂದೂಕು 25 ವರ್ಷ ಇಟ್ಟುಕೊಂಡ ಮೇಲೆ ವಾರಸುದಾರರ ಹೆಸರಿಗೆ ಮಾಡಿಸಲು ನಿಯಮದಲ್ಲಿ ಅವಕಾಶವಿದೆ; ಹೊಲದಲ್ಲಿ ಪಾಲು ಕೇಳುವ ಹೆಣ್ಣುಮಕ್ಕಳೂ ಈ ಆಸ್ತಿಯ ಮಾತೆತ್ತುವುದಿಲ್ಲ, ಅದು ಗಂಡು ಮಗನದು ಎಂದು ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ಇಂಥ ಅರ್ಜಿ ಬಂದಾಗ ಅದನ್ನು ಬರೀ ಹೆಸರು ಬದಲಾವಣೆ ಎಂದು ನೋಡದೆ ಹೊಸ ಅರ್ಜಿಯಂತೆ ಮನೆ ಭೇಟಿ ಮಾಡಿಸಬೇಕು. ಮಗನ ಹೆಂಡತಿಯನ್ನು ಕೇಳುವ ಸಮಯ ಅದೇ.

ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಮದುವೆ, ಜಾತ್ರೆ, ಮೆರವಣಿಗೆಯಲ್ಲಿ ಬಂದೂಕು ಝಳಪಿಸಿದರೂ ಪರವಾನಗಿ ಹೋಗಬಹುದು. ಇದನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಅಚ್ಚು ಹಾಕಿಸಿ ಪ್ರತಿ ಕಲ್ಯಾಣ ಮಂಟಪದ ಬುಕಿಂಗ್ ಕೋಣೆಯಲ್ಲಿ ಅಂಟಿಸಬೇಕು.

ಕಾಲೇಜುಗಳ ವಿಷಯ. ಪಿಯು ಕಾಲೇಜುಗಳಲ್ಲಿ ವರ್ಷಕ್ಕೊಂದು ದಿನ ಅತಿಥಿಗಳು ಬಂದು "ಹೆಣ್ಣುಮಕ್ಕಳನ್ನು ಕಾಪಾಡುವುದು ಗಂಡಸಿನ ಧರ್ಮ" ಎಂದು ಭಾಷಣ ಮಾಡಿ ಹೋಗುತ್ತಾರೆ. ಚಪ್ಪಾಳೆ ಬೀಳುತ್ತದೆ. ಆದರೆ ಅದು ಮೇಲೆ ಹೇಳಿದ ಕಾವಲುಗಾರನ ಪಾಠವೇ. ಅದಕ್ಕಿಂತ ಉಪಯೋಗಕ್ಕೆ ಬರುವ ಒಂದು ಕ್ರಮವಿದೆ. ಒಂದು ತರಗತಿ, ಎರಡು ಪೀರಿಯಡ್ಡು. ಸಮೀಕ್ಷೆಯ ಆ ಏಳು ಕಾರಣಗಳನ್ನು ಬೋರ್ಡಿನ ಮೇಲೆ ಬರೆದು, ಎಂಟನೆಯದಾಗಿ "ಮನೆಯಲ್ಲಿ ಬಂದೂಕಿದ್ದರೆ ಹೆಣ್ಣುಮಕ್ಕಳಿಗೆ ಧೈರ್ಯ" ಎಂಬ ಸಾಲು ಸೇರಿಸಿ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಹೆಸರು ಬೇಡ, ಹುಡುಗಿಯಾದರೆ ದುಂಡು ಗುರುತು, ಹುಡುಗನಾದರೆ ಚೌಕ. ಸರಿ ಅಥವಾ ತಪ್ಪು ಎಂದಷ್ಟೇ ಬರೆಯಲಿ. ಡಬ್ಬಿಗೆ ಹಾಕಿಸಿ, ಅಲ್ಲೇ ಎಣಿಸಿ, ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆಯಿರಿ. ಎಂಟನೇ ಸಾಲಿನಲ್ಲಿ ದುಂಡು ಗುರುತಿಗೂ ಚೌಕಕ್ಕೂ ಅಂತರ ಬಿದ್ದರೆ, ಚರ್ಚೆ ಅಲ್ಲಿಂದಲೇ ಶುರುವಾಗಲಿ. ಮೇಷ್ಟ್ರು ಹೆಚ್ಚು ಮಾತಾಡುವುದು ಬೇಡ.

ಕೆಡುವುದು ಎರಡು ಕಡೆ. "ಯಾರ ಮನೆಯಲ್ಲಿ ಬಂದೂಕಿದೆ, ಕೈ ಎತ್ತಿ" ಎಂದು ಯಾವ ಕಾರಣಕ್ಕೂ ಕೇಳಬಾರದು. ಹುಡುಗರಿಗೆ ಅದು ಹೆಮ್ಮೆ, ಹುಡುಗಿಯರಿಗೆ ಅಪಾಯ, ಕಳ್ಳರಿಗೆ ವಿಳಾಸ. ಇನ್ನೊಂದು, ಚೀಟಿಗಳನ್ನು ಸ್ಟಾಫ್ ರೂಮಿಗೆ ಒಯ್ದು ಅಕ್ಷರದ ಮೇಲೆ ಯಾರದೆಂದು ಹುಡುಕುವುದು. ಎಣಿಸಿದ ಮೇಲೆ ಮಕ್ಕಳ ಎದುರಿಗೇ ಹರಿದು ಹಾಕಬೇಕು. ತರಗತಿಯ ಕೊನೆಗೆ ಮೂರು ನಂಬರು ಬೋರ್ಡಿನ ಮೇಲೆ ಬರೆದು ಬಿಡಬೇಕು: ಮಕ್ಕಳಿಗೆ 1098, ಹೆಣ್ಣುಮಕ್ಕಳಿಗೆ 181, ತುರ್ತಿಗೆ 112. ಬರೆದದ್ದನ್ನು ಅಳಿಸದೆ ಸಂಜೆಯವರೆಗೆ ಹಾಗೇ ಇಡಿ. ಎಲ್ಲರೆದುರು ಬರೆದುಕೊಳ್ಳಲು ಹಿಂಜರಿಯುವವರು ಕೋಣೆ ಖಾಲಿಯಾದ ಮೇಲೆ ಬಂದು ಬರೆದುಕೊಳ್ಳುತ್ತಾರೆ.

ಮನೆ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳ ಒಂದು ಪುಟ, ಪೆಟ್ಟಿಗೆಯ ಅಳತೆ ಮತ್ತು ಬೋಲ್ಟ್ ಹಾಕುವ ಚಿತ್ರ, ತೋಟಾ ಲೆಕ್ಕದ ಪುಸ್ತಕದ ಮಾದರಿ ಹಾಳೆ, ಮೂರನ್ನೂ ಮುದ್ರಿಸಿ ತಮ್ಮ ಶಸ್ತ್ರ ಶಾಖೆಗೆ ತಲುಪಿಸುತ್ತೇವೆ. ಬಳ್ಳಾರಿ, ಸಂಡೂರು, ಸಿರುಗುಪ್ಪ, ಕುರುಗೋಡು, ಕಂಪ್ಲಿ ಐದೂ ತಾಲ್ಲೂಕುಗಳ ಠಾಣೆ ಸಿಬ್ಬಂದಿಗೆ ಅರ್ಧ ದಿನದ ತರಬೇತಿ ಇಟ್ಟರೆ ಬಂದೂಕು ಬಿಚ್ಚಿ ತೋರಿಸುವುದಕ್ಕೂ, ಹೆಣ್ಣುಮಕ್ಕಳ ಜೊತೆ ಮಾತಾಡುವ ಬಗೆ ಹೇಳಿಕೊಡುವುದಕ್ಕೂ ನಮ್ಮವರು ಬರುತ್ತಾರೆ. ಸಂಬಳ ಭತ್ಯೆ ಬೇಕಿಲ್ಲ. ಮುಂದಿನ ನವೀಕರಣದ ಕಂತು ಶುರುವಾಗುವ ಮೊದಲು ದಿನ ಗೊತ್ತು ಮಾಡಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಬಳ್ಳಾರಿ ಜಿಲ್ಲೆಯ ಬಂದೂಕು ರಿಪೇರಿ ಕೆಲಸಗಾರರು, ಕುಟುಂಬ ಸಲಹೆಗಾರರು ಮತ್ತು ಉಪನ್ಯಾಸಕರು